ದೂರು ಕೊಡುವುದೂ ದುಡಿಮೆಯೇ

ಲಿಬ್ರೆ ಆಫೀಸ್ ತಂತ್ರಾಂಶದ ಒಡಲಲ್ಲಿ ಬಹುಕಾಲ ಜರ್ಮನ್ ಭಾಷೆ ಅಡಗಿ ಕುಳಿತಿತ್ತು. ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ 1985ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಕಂಪನಿಯ ಸ್ಟಾರ್ ಆಫೀಸೇ ಇದರ ಮೂಲ. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡಿತು, ಮರುವರ್ಷ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಸನ್ ಕಂಪನಿ ಒರಾಕಲ್ ಪಾಲಾದ ಮೇಲೆ, 2010ರ ಸೆಪ್ಟೆಂಬರಿನಲ್ಲಿ, ಸ್ವಯಂಸೇವಕರ ಗುಂಪೊಂದು ಅದೇ ಕೋಡ್ ಹಿಡಿದು ಲಿಬ್ರೆ ಆಫೀಸ್ ಎಂಬ ಬೇರೆ ಸಂಸಾರ ಹೂಡಿತು. ನೋಡಿದರೆ, ಪ್ರೋಗ್ರಾಮರುಗಳು ನಡುನಡುವೆ ಬರೆದಿಟ್ಟ ಎಷ್ಟೋ ವಿವರಣೆಗಳು ಜರ್ಮನ್‌ನಲ್ಲಿದ್ದವು. ಜರ್ಮನ್ ಬಲ್ಲವರು ಕಂತು ಕಂತಾಗಿ, ವರ್ಷಗಟ್ಟಲೆ ಅವನ್ನು ಇಂಗ್ಲಿಷಿಗೆ ತಂದರು. ಆ ಕೆಲಸಕ್ಕೆ ಕೋಡ್ ಬರೆಯಲು ಬರಬೇಕಿರಲಿಲ್ಲ.

ನಮ್ಮಲ್ಲಿ ಓಪನ್ ಸೋರ್ಸ್ ಎಂದೊಡನೆ ಎಂಜಿನಿಯರಿಂಗ್ ವಿದ್ಯಾರ್ಥಿಯ ರೆಸ್ಯೂಮೆ ನೆನಪಾಗುತ್ತದೆ. ಕೊಡುಗೆಯನ್ನು ಹೀಗೆ ತೋರಿಕೆಯ ಲೆಕ್ಕವಾಗಿ ಕಾಣುವುದರ ದುಷ್ಪರಿಣಾಮ 2020ರ ಅಕ್ಟೋಬರಿನಲ್ಲಿ ಚೆನ್ನಾಗಿ ಕಂಡಿತು. ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಉತ್ಸವದಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಟೀ ಶರ್ಟಿಗಾಗಿ ಜನ ಕಂಡಕಂಡ ಯೋಜನೆಗಳ ಪರಿಚಯ ಪುಟಕ್ಕೆ ಒಂದೊಂದು ವಿಶೇಷಣ ಸೇರಿಸಿ ಕಳಿಸಿದರು. ಬಿಡುವಿನ ವೇಳೆಯಲ್ಲಿ ಯೋಜನೆ ನೋಡಿಕೊಳ್ಳುವವರಿಗೆ ಕಸ ಗುಡಿಸುವುದೇ ಕೆಲಸವಾಯಿತು. ಕೊನೆಗೆ, ಒಪ್ಪಿದ ಯೋಜನೆಗಳಿಗಷ್ಟೇ ಉತ್ಸವ ಎಂದು ನಿಯಮ ಬದಲಿಸಬೇಕಾಯಿತು. ಹೀಗೆ ಕಳಿಸುವುದಕ್ಕಿಂತ ಸುಮ್ಮನಿರುವುದೇ ದೊಡ್ಡ ಸೇವೆ.

ಹಾಗಾದರೆ ಎಲ್ಲಿಂದ ಶುರು? ದಿನವೂ ಬಳಸುವ ತಂತ್ರಾಂಶದಿಂದ, ಅದೂ ದೂರಿನಿಂದ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯದು. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಫಾಂಟ್, ಏನೇನು ಮಾಡಿದಾಗ ಹೀಗಾಯಿತು, ಏನಾಗಬೇಕಿತ್ತು ಎಂಬುದಿಷ್ಟೂ ಬೇಕು. ಖಾಸಗಿ ವಿಷಯ ತೆಗೆದು ಆ ಕಡತವನ್ನೇ ಲಗತ್ತಿಸಿದರೆ ಅರ್ಧ ಕೆಲಸ ಮುಗಿದಂತೆ. ಲಿಬ್ರೆ ಆಫೀಸ್‌ನಲ್ಲಿ ದೂರು ದಾಖಲಾಗುವುದು ಬಗ್‌ಜಿಲ್ಲಾದಲ್ಲಿ. ಹೊಸ ದೂರು ‘ಇನ್ನೂ ಖಚಿತವಾಗಿಲ್ಲ’ ಎಂಬ ಪಟ್ಟಿಯಲ್ಲಿ ಕಾಯುತ್ತಿರುತ್ತದೆ. ಬೇರೊಬ್ಬರು ತಮ್ಮ ಗಣಕದಲ್ಲಿ ಪರೀಕ್ಷಿಸಿ ಹೌದೆಂದರೆ ಮುಂದೆ ಸಾಗುತ್ತದೆ. ‘ನನ್ನಲ್ಲಿ ಹೀಗಾಗುತ್ತಿಲ್ಲ’ ಎಂಬ ಉತ್ತರವೂ ಸುಳಿವೇ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಾಣದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರಿಗೆ ‘ಬಿಬೈಸೆಕ್ಟ್’ ಇದೆ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಈಗ ಕೆಟ್ಟಿದೆ ಎನ್ನಿ. ನಡುವಿನ ತಿದ್ದುಪಡಿಗಳನ್ನು ಒಳಗೊಂಡ ಸಿದ್ಧ ಪ್ರತಿಗಳು ಡೌನ್‌ಲೋಡ್‌ಗೆ ಸಿಗುತ್ತವೆ. ಮಧ್ಯದ್ದನ್ನು ತೆರೆದು ನೋಡುವುದು. ಸರಿಯಿದ್ದರೆ ಮುಂದಿನ ಅರ್ಧ, ಕೆಟ್ಟಿದ್ದರೆ ಹಿಂದಿನ ಅರ್ಧ. ಸಾವಿರ ಪ್ರತಿಗಳಿದ್ದರೂ ಹತ್ತೇ ಪರೀಕ್ಷೆಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಪ್ರೋಗ್ರಾಮರ್ ಒಬ್ಬರ ಎಷ್ಟೋ ಗಂಟೆ ಉಳಿಯುತ್ತದೆ.

ಕೋಡನ್ನೇ ಬರೆಯುವವರಿಗೆ ‘ಈಸಿ ಹ್ಯಾಕ್ಸ್’ ಎಂಬ ಸುಲಭ ಕೆಲಸಗಳ ಪಟ್ಟಿಯಿದೆ. ಕೊಡುಗೆಗೆ ಯಾವ ಲೈಸೆನ್ಸ್ ಎಂದು ಮೊದಲು ಒಂದು ಘೋಷಣೆ ಕೊಟ್ಟರಾಯಿತು. ಕೋಡ್ ಪರಿಶೀಲಿಸುವ ಗೆರಿಟ್ ಎಂಬ ತಾಣದಲ್ಲಿ ಹಿರಿಯರು ತಪ್ಪು ತೋರಿಸುತ್ತಾರೆ, ತಿದ್ದಿ ಮತ್ತೆ ಕಳಿಸಬೇಕು. ಮುನಿಸಿಕೊಂಡರೆ ಕೆಲಸ ಕೆಟ್ಟಿತು.

ಕನ್ನಡಿಗರೇ ಮಾಡಬೇಕಾದ ಕೆಲಸ ಬೇರೆಯೇ ಇದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಂಕ್’ನಲ್ಲಿ ಬೇಡ. ಎರಡರಲ್ಲೂ ಕೂಡುವ ಅಕ್ಷರಗಳು ಅವೇ, ರಕಾರ ಮತ್ತು ಯಕಾರ. ವ್ಯತ್ಯಾಸ ಮಾಡುವುದು ರಕಾರದ ಬೆನ್ನಿಗೆ ಕೂರುವ, ಕಣ್ಣಿಗೆ ಕಾಣದ ಒಂದು ಸಂಕೇತ. ಹುಡುಕುವಾಗ, ಪಿಡಿಎಫ್ ಮಾಡುವಾಗ ಅದು ಉಳಿಯಿತೇ ಎಂದು ಬರ್ಲಿನ್‌ನ ಎಂಜಿನಿಯರ್ ನೋಡಲಾರ, ನೋಡಿದರೂ ಅವನಿಗೆ ತಿಳಿಯದು. 2017ರ 5.3 ಆವೃತ್ತಿಯಿಂದ ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಅಕ್ಷರ ಜೋಡಿಸುವ ಹೊಣೆ ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ್ದು. ಹಾಗಾಗಿ ಒತ್ತಕ್ಷರ ಕೆಟ್ಟರೆ ಮೊದಲು ಫಾಂಟ್ ಬದಲಿಸಿ ನೋಡಿ. ಸರಿಹೋದರೆ ದೂರು ಬಹುಶಃ ಫಾಂಟಿನವರಿಗೆ. ಹಾರ್ಫ್‌ಬಜ್ ಬಳಸುವ ಫೈರ್‌ಫಾಕ್ಸ್‌ನಲ್ಲೂ ಅದೇ ಫಾಂಟಿನಲ್ಲಿ ಅದೇ ಪದ ಕೆಟ್ಟಿದ್ದರೆ ಲಿಬ್ರೆ ಆಫೀಸಿನ ಮೇಲೆ ಅನುಮಾನ ಕಡಿಮೆ.

ಕಾಗುಣಿತ ಪರೀಕ್ಷಕದಲ್ಲಂತೂ ಕೆಲಸವೋ ಕೆಲಸ. ಲಿಬ್ರೆ ಆಫೀಸ್ ಬಳಸುವ ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ನಮ್ಮ ಹಾಗೆ ಪ್ರತ್ಯಯಗಳನ್ನು ಸಾಲಾಗಿ ಅಂಟಿಸುವ ಭಾಷೆ. ಹನ್‌ಸ್ಪೆಲ್‌ಗೆ ಒಂದು ಪದಪಟ್ಟಿ, ಒಂದು ಪ್ರತ್ಯಯ ನಿಯಮಗಳ ಕಡತ ಸಾಕು. ಎರಡೂ ಸಾದಾ ಪಠ್ಯ. ಆದರೆ ಅದು ಸಾಮಾನ್ಯವಾಗಿ ಎರಡು ಪದರ ಪ್ರತ್ಯಯವನ್ನಷ್ಟೇ ಬಿಡಿಸುತ್ತದೆ. ‘ಮರಗಳಲ್ಲಿಯೂ’ ಎಂಬಲ್ಲಿ ಆಗಲೇ ಮೂರಿವೆ. ಯಾವುದನ್ನು ಯಾವುದರ ಜತೆ ಕೂಡಿಸಿ ಒಂದೇ ನಿಯಮ ಮಾಡಬೇಕೆಂದು ಹೇಳಲು ವಿಭಕ್ತಿ, ಸಂಧಿ ಬಲ್ಲ ನಿವೃತ್ತ ಕನ್ನಡ ಮೇಷ್ಟ್ರೇ ಬೇಕು. ಅಷ್ಟಕ್ಕೇ ಮುಗಿಯದು. ಗುರು, ಊರು ಎರಡೂ ಉಕಾರಾಂತ; ಒಂದು ‘ಗುರುವಿನಲ್ಲಿ’ ಆಗುತ್ತದೆ, ಇನ್ನೊಂದು ‘ಊರಿನಲ್ಲಿ’. ಕೊನೆಯ ಅಕ್ಷರ ನೋಡಿದ ಮಾತ್ರಕ್ಕೆ ಯಂತ್ರಕ್ಕೆ ಇದು ಗೊತ್ತಾಗದು. ಪಟ್ಟಿಯ ಒಂದೊಂದು ಪದದ ಮುಂದೆಯೂ ಅದು ಯಾವ ಗುಂಪಿನದೆಂದು ಯಾರಾದರೂ ಕೂತು ಗುರುತು ಹಾಕಬೇಕು.