ಬಾಲ್ಯದ ಕತೆ ಹೇಳೋರು ಯಾರು?

"ಅಮ್ಮಾ, ನಾನು ಚಿಕ್ಕವಳಿದ್ದಾಗ ಹೇಗಿದ್ದೆ ಹೇಳು..." ನಿಮ್ಮ ಮಕ್ಕಳು ಎಷ್ಟು ಸಲ ಹೀಗೆ ಕೇಳಿಲ್ಲ! ನೀವೂ ಅಷ್ಟೇ, ಬಟ್ಟೆ ಮಡಿಸುತ್ತಲೋ, ಸೊಪ್ಪು ಬಿಡಿಸುತ್ತಲೋ ಹೇಳಿದ್ದನ್ನೇ ಹೇಳಿರ್ತೀರಿ. ಮೊದಲ ಹಲ್ಲು ಬಂದಾಗ ಅಜ್ಜಿಯ ಬೆರಳು ಕಚ್ಚಿದ್ದು, ಸ್ಕೂಲಿನ ಮೊದಲ ದಿನ ಗೇಟು ಹಿಡಿದುಕೊಂಡು ಅತ್ತಿದ್ದು. ಕೇಳಿ ಕೇಳಿ ಬಾಯಿಪಾಠ ಆಗಿದ್ದರೂ ಅವರಿಗೆ ಮತ್ತೆ ಅದೇ ಕತೆ ಬೇಕು.

ಈ ಕತೆ ಹೇಳೋಕೆ ಜಗತ್ತಿನಲ್ಲಿ ಒಬ್ಬರೂ ಇಲ್ಲದಿದ್ದರೆ? ಹುಟ್ಟಿದಾಗ ತೂಕ ಎಷ್ಟಿತ್ತು, ಹೆಸರು ಇಟ್ಟವರು ಯಾರು, ಅಮ್ಮ ಯಾಕೆ ಬಿಟ್ಟುಹೋದಳು ಎಂಬುದು ಗೊತ್ತಿಲ್ಲದೇ ವಯಸ್ಸಾಗಿಬಿಟ್ಟರೆ? 1940 ಮತ್ತು 50ರ ದಶಕಗಳಲ್ಲಿ ಇಂಗ್ಲೆಂಡಿನ ಮಕ್ಕಳ ಆಶ್ರಮಗಳಲ್ಲಿ ಬೆಳೆದು, ಈಗ ಮೊಮ್ಮಕ್ಕಳನ್ನು ಕಂಡಿರುವ ಎಷ್ಟೋ ಮಂದಿಯ ನೋವು ಇದೇ. ಅವರ ನೆನಪುಗಳಲ್ಲಿ ನಮ್ಮಂಥ ತಾಯಂದಿರು ಕಲಿಯಬೇಕಾದದ್ದು ಬಹಳಷ್ಟಿದೆ.

ಎಲ್ಲರೂ ಅನಾಥರಲ್ಲ

ಆಶ್ರಮದ ಮಕ್ಕಳು ಅಂದಕೂಡಲೇ ತಂದೆ ತಾಯಿ ಇಲ್ಲದವರು ಅಂದುಕೊಳ್ತೀವಿ. ಆದರೆ ಅಲ್ಲಿದ್ದ ಬಹಳ ಮಕ್ಕಳಿಗೆ ತಂದೆಯೋ ತಾಯಿಯೋ, ಕೆಲವೊಮ್ಮೆ ಇಬ್ಬರೂ ಬದುಕಿದ್ದರು. ಮದುವೆಯಾಗದೆ ತಾಯಿಯಾದ ಹುಡುಗಿ, ಕ್ಷಯ ತಗುಲಿ ಆಸ್ಪತ್ರೆ ಸೇರಿದ ಅಮ್ಮ, ಹೆಂಡತಿ ತೀರಿಕೊಂಡ ಮೇಲೆ ಕೆಲಸ ಮತ್ತು ಮಕ್ಕಳು ಎರಡನ್ನೂ ನಿಭಾಯಿಸಲಾಗದ ಅಪ್ಪ, ಯುದ್ಧದಲ್ಲಿ ಒಡೆದುಹೋದ ಸಂಸಾರ... ಹೀಗೆ ಒಂದೊಂದು ಮಗುವಿನ ಹಿಂದೆ ಒಂದೊಂದು ಕಾರಣ. ಆದರೆ ಆ ಕಾರಣವನ್ನು ಮಗುವಿಗೆ ಕೂತು ಹೇಳಿದವರು ಕಡಿಮೆ.

1944ರಲ್ಲಿ ಲೇಡಿ ಅಲೆನ್ ಎಂಬ ಮಹಿಳೆ 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಈ ಮಕ್ಕಳ ಸ್ಥಿತಿಯನ್ನು ದೇಶದ ಮುಂದಿಟ್ಟರು. ಮರುವರ್ಷ, ಸರ್ಕಾರದ ವತಿಯಿಂದಲೇ ಸಾಕುಮನೆಗೆ ಹೋಗಿದ್ದ ಡೆನಿಸ್ ಓನೀಲ್ ಎಂಬ 12 ವರ್ಷದ ಹುಡುಗ ಅಲ್ಲಿನ ಹಿಂಸೆಯಿಂದ ಸತ್ತುಹೋದ. ಜನ ಬೆಚ್ಚಿಬಿದ್ದರು. ಮೈರಾ ಕರ್ಟಿಸ್ ಎಂಬಾಕೆಯ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ಮಾಡಿತು. ಮನೆಯ ಆಸರೆ ಇಲ್ಲದ ಸುಮಾರು 1,25,000 ಮಕ್ಕಳ ಬಗ್ಗೆ ಆ ಸಮಿತಿ 1946ರಲ್ಲಿ ವರದಿ ಕೊಟ್ಟಿತು.

ಹೊಟ್ಟೆ ತುಂಬಿತ್ತು, ಆದರೆ...

ವರದಿ ಹೇಳಿದ್ದೇನು ಗೊತ್ತೇ? ಎಲ್ಲ ಕಡೆಯೂ ಹೊಡೆತ ಬಡಿತ ಇರಲಿಲ್ಲ. ಬಹಳ ಕಡೆ ಊಟ, ಬಟ್ಟೆ, ಹಾಸಿಗೆಗೆ ಕೊರತೆಯೂ ಇರಲಿಲ್ಲ. ಇಲ್ಲದೇ ಇದ್ದದ್ದು, 'ಈ ಮಗು ನನ್ನದು' ಅಂತ ಅಕ್ಕರೆಯಿಂದ ನೋಡುವ ಒಬ್ಬ ವ್ಯಕ್ತಿ. ಪುಟ್ಟ ಮಕ್ಕಳು ಭೇಟಿಗೆ ಬಂದ ಅಪರಿಚಿತರ ಬಳಿಗೇ ಓಡಿಬಂದು ಕೈ ಹಿಡಿಯುತ್ತಿದ್ದವು, ಮುಟ್ಟಿಸಿಕೊಳ್ಳಲು ಹಾತೊರೆಯುತ್ತಿದ್ದವು. ನೋಡಿದವರು 'ಎಷ್ಟು ಸಲಿಗೆಯ ಮಗು' ಅಂದುಕೊಳ್ಳಬಹುದು. ಅದು ಸಲಿಗೆಯಲ್ಲ, ಪ್ರೀತಿಯ ಹಸಿವು ಎಂಬುದನ್ನು ಸಮಿತಿ ಗುರುತಿಸಿತು.

ಅಲ್ಲಿ ಬೆಳೆದವರು ಹೇಳಿಕೊಳ್ಳುವ ನೆನಪುಗಳೂ ಇಂಥವೇ. ಸಾಲಾಗಿ ಹಾಕಿದ ಮಂಚಗಳು, ಸಾಲಿನಲ್ಲಿ ನಿಂತು ಸ್ನಾನ, ಭಾನುವಾರ ಸಾಲಿನಲ್ಲೇ ಚರ್ಚಿಗೆ. ಈ ವಾರ ತೊಟ್ಟ ಅಂಗಿ ಮುಂದಿನ ವಾರ ಇನ್ಯಾರದೋ ಮೈಮೇಲೆ. ಹಾಸಿಗೆ ಒದ್ದೆ ಮಾಡಿಕೊಂಡ ಮಗುವಿಗೆ ಎಲ್ಲರೆದುರು ಅವಮಾನ. ಅಣ್ಣ ಗಂಡುಮಕ್ಕಳ ಆಶ್ರಮದಲ್ಲಿ, ತಂಗಿ ಇನ್ನೆಲ್ಲೋ ಹೆಣ್ಣುಮಕ್ಕಳ ಆಶ್ರಮದಲ್ಲಿ. ಹಾಗಂತ ಎಲ್ಲವೂ ಕತ್ತಲೆಯಲ್ಲ. ಮನೆಯಮ್ಮನಂತೆ ನೋಡಿಕೊಂಡ 'ಹೌಸ್ ಮದರ್'ಗಳೂ ಇದ್ದರು. ವರ್ಷಕ್ಕೊಮ್ಮೆ ಸಮುದ್ರ ತೀರಕ್ಕೆ ಹೋದದ್ದು, ಒಡಹುಟ್ಟಿದವರಂತಾದ ಗೆಳತಿಯರು, ಇವನ್ನೂ ಅವರು ಅಷ್ಟೇ ಪ್ರೀತಿಯಿಂದ ನೆನೆಯುತ್ತಾರೆ. ಆದರೆ ಕೆಲಸದವರು ಬದಲಾಗುತ್ತಿದ್ದರು. ಅವರು ಹೋದಾಗ ಮಗುವಿನ ಕತೆಯೂ ಅವರ ಜೊತೆಗೇ ಹೋಗುತ್ತಿತ್ತು.

1948ರ ಮಕ್ಕಳ ಕಾಯಿದೆ ಈ ಪದ್ಧತಿಯನ್ನು ಬದಲಿಸಲು ಹೊರಟಿತು. ಪ್ರತಿ ಸ್ಥಳೀಯ ಆಡಳಿತದಲ್ಲೂ ಮಕ್ಕಳ ಅಧಿಕಾರಿ ಇರಬೇಕು, ಸಾಧ್ಯವಿದ್ದರೆ ಮಗು ಹೆತ್ತವರ ಬಳಿಗೆ ಮರಳಬೇಕು, ಇಲ್ಲವಾದರೆ ದೊಡ್ಡ ಆಶ್ರಮಕ್ಕಿಂತ ಸಾಕುಮನೆ ಲೇಸು ಎಂದಾಯಿತು. ಬದಲಾವಣೆ ಬಂತು, ಆದರೆ ನಿಧಾನವಾಗಿ.

ಸುಳ್ಳಿನ ಬೆಲೆ

ಲಂಡನ್ನಿನಲ್ಲಿ 1739ರಲ್ಲಿ ಶುರುವಾದ 'ಫೌಂಡ್ಲಿಂಗ್ ಹಾಸ್ಪಿಟಲ್' ಎಂಬ ಹಳೆಯ ಸಂಸ್ಥೆ ಇತ್ತು. ಹೆಸರು ಹಾಸ್ಪಿಟಲ್ ಅಂತಿದ್ದರೂ ಅದು ಮಕ್ಕಳ ಆಶ್ರಮ. 1935ರಲ್ಲಿ ಅದು ಬರ್ಕಮ್‌ಸ್ಟೆಡ್ ಎಂಬ ಊರಿಗೆ ಹೋಯಿತು. ಅಲ್ಲಿನ ಕ್ರಮ ಹೀಗಿತ್ತು: ಸೇರಿದ ಕೂಸಿಗೆ ಹೊಸ ಹೆಸರು. ನಂತರ ಹಳ್ಳಿಯ ಸಾಕುತಾಯಿಯ ಮನೆಯಲ್ಲಿ ವಾಸ. ಐದು ವರ್ಷದ ಆಸುಪಾಸಿನಲ್ಲಿ ವಾಪಸು ಆಶ್ರಮಕ್ಕೆ! ಅಮ್ಮ ಅಂತ ನಂಬಿದ್ದವಳ ಕೈ ಬಿಡಿಸಿಕೊಂಡು ಬರಬೇಕಾದ ಆ ಮಗುವಿನ ಮನಸ್ಸು ಹೇಗಾಗಿರಬೇಡ? 1950ರ ದಶಕದ ಆರಂಭದವರೆಗೂ ಮಕ್ಕಳು ಅಲ್ಲಿದ್ದರು.

ಇನ್ನೂ ಕ್ರೂರವಾದದ್ದು ಕಡಲಾಚೆಯ ಕತೆ. ಎರಡನೇ ಮಹಾಯುದ್ಧದ ನಂತರ 1970ರವರೆಗೆ ಬ್ರಿಟನ್ನಿನ ಆಶ್ರಮಗಳಿಂದ ಸುಮಾರು 4,000 ಮಕ್ಕಳನ್ನು ದೂರದ ದೇಶಗಳಿಗೆ, ಹೆಚ್ಚಾಗಿ ಆಸ್ಟ್ರೇಲಿಯಾಕ್ಕೆ, ಕಳಿಸಲಾಯಿತು. ಎಷ್ಟೋ ಮಕ್ಕಳಿಗೆ 'ನಿನ್ನ ಅಪ್ಪ ಅಮ್ಮ ಸತ್ತುಹೋಗಿದ್ದಾರೆ' ಎಂದೇ ಹೇಳಿದ್ದರು. ಸತ್ತಿರಲಿಲ್ಲ! 1986ರಲ್ಲಿ ನಾಟಿಂಗ್‌ಹ್ಯಾಮ್‌ನ ಸಮಾಜ ಕಾರ್ಯಕರ್ತೆ ಮಾರ್ಗರೆಟ್ ಹಂಫ್ರೀಸ್ ಅವರಿಗೆ ಆಸ್ಟ್ರೇಲಿಯಾದ ಮಹಿಳೆಯೊಬ್ಬರಿಂದ ಪತ್ರ ಬಂತು. ನಾಲ್ಕನೇ ವಯಸ್ಸಿನಲ್ಲಿ ಹಡಗು ಹತ್ತಿಸಿದರು, ನನ್ನವರನ್ನು ಹುಡುಕಿಕೊಡಿ ಎಂಬುದು ಅದರ ಸಾರ. ಮಾರ್ಗರೆಟ್ ಮರುವರ್ಷವೇ ಒಂದು ಟ್ರಸ್ಟ್ ಕಟ್ಟಿ, ತಾಯಿ ಮಕ್ಕಳನ್ನು ಸೇರಿಸುವ ಕೆಲಸ ಹಿಡಿದರು. ಕೆಲವರಿಗೆ ಅಮ್ಮ ಸಿಕ್ಕಳು, ಕೆಲವರಿಗೆ ಅಮ್ಮನ ಸಮಾಧಿ. 2009ರಲ್ಲಿ ಆಸ್ಟ್ರೇಲಿಯಾದ, 2010ರಲ್ಲಿ ಬ್ರಿಟನ್ನಿನ ಪ್ರಧಾನಿಗಳು ಕ್ಷಮೆ ಕೇಳಿದರು. ಆ ಹೊತ್ತಿಗೆ ಎಷ್ಟೋ ತಾಯಂದಿರು ಇರಲೇ ಇಲ್ಲ.

ಫೈಲಿನೊಳಗಿನ ಬಾಲ್ಯ

ಆಶ್ರಮದಲ್ಲಿ ಬೆಳೆದವರು ದೊಡ್ಡವರಾದ ಮೇಲೆ ಹುಡುಕುವುದು ಆಸ್ತಿಯನ್ನಲ್ಲ, ತಮ್ಮ ಫೈಲನ್ನು. ಅಮ್ಮ ಹೇಳಬೇಕಿದ್ದ ಕತೆ ಅವರ ಪಾಲಿಗೆ ಕಚೇರಿಯ ಕಡತದಲ್ಲಿದೆ. 1959ರಲ್ಲಿ ಹುಟ್ಟಿ ಲಿವರ್‌ಪೂಲ್ ಆಡಳಿತದ ಸುಪರ್ದಿಯಲ್ಲಿ ಬೆಳೆದ ಗ್ರಹಾಂ ಗ್ಯಾಸ್ಕಿನ್ ತನ್ನ ಕಡತಕ್ಕಾಗಿ ಕೋರ್ಟು ಹತ್ತಿದರು. ತನ್ನ ಬಾಲ್ಯವನ್ನು ತಿಳಿದುಕೊಳ್ಳುವುದು ಇಂಥವರಿಗೆ ಬಹಳ ಮುಖ್ಯವಾದ ಹಿತ ಎಂದು 1989ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಪ್ಪಿಕೊಂಡಿತು.

ಕವಿ ಲೆಮ್ ಸಿಸೇ ಅವರ ಕತೆ ಕೇಳಿ. 1967ರಲ್ಲಿ ಹುಟ್ಟಿದ ಅವರು 'ನಾರ್ಮನ್' ಎಂಬ ಹೆಸರಿನಲ್ಲಿ ಸಾಕುಮನೆಯಲ್ಲಿ, 12ನೇ ವಯಸ್ಸಿನಿಂದ ಆಶ್ರಮಗಳಲ್ಲಿ ಬೆಳೆದರು. ತನ್ನ ನಿಜವಾದ ಹೆಸರು, ಮಗನನ್ನು ವಾಪಸು ಕೊಡಿ ಅಂತ ಅಮ್ಮ 1968ರಲ್ಲೇ ಬರೆದಿದ್ದ ಪತ್ರ, ಎರಡೂ ಗೊತ್ತಾದದ್ದು ಹದಿಹರೆಯದ ಕೊನೆಯಲ್ಲಿ. ಪೂರ್ತಿ ಕಡತ ಕೈಗೆ ಬಂದದ್ದು 2015ರಲ್ಲಿ!

ನೀವೇನು ಮಾಡಬಹುದು?

ಇಂಥ ಅನುಭವಗಳಿಂದ ಪಾಠ ಕಲಿತು ಬ್ರಿಟನ್ನಿನ ಸಮಾಜ ಕಾರ್ಯಕರ್ತರು ಸಾಕುಮಕ್ಕಳಿಗಾಗಿ 'ಜೀವನ ಕತೆಯ ಪುಸ್ತಕ' ಮಾಡಿಕೊಡುವ ರೂಢಿ ತಂದರು. ನಮ್ಮ ಮನೆಗಳಲ್ಲೂ ಇದು ಸುಲಭ.

* ಮಗುವಿಗೊಂದು ನೋಟ್‌ಬುಕ್ ಇಡಿ. ಹುಟ್ಟಿದ ಆಸ್ಪತ್ರೆ, ತೂಕ, ಹೆಸರು ಇಟ್ಟವರು, ಮೊದಲು ಆಡಿದ ಮಾತು, ಬಿದ್ದು ಹೊಲಿಗೆ ಹಾಕಿಸಿದ್ದು... ಎರಡು ಮೂರು ಸಾಲು ಸಾಕು. ಎರಡನೇ ಮಗುವಿಗೂ ಮರೀಬೇಡಿ!

* ಮೊಬೈಲ್‌ನಲ್ಲಿ ಸಾವಿರ ಫೋಟೊ ಇದ್ದರೂ ವರ್ಷಕ್ಕೆ ಹತ್ತನ್ನಾದರೂ ಪ್ರಿಂಟ್ ಹಾಕಿಸಿ. ಹಿಂಭಾಗದಲ್ಲಿ ಯಾರು, ಎಲ್ಲಿ, ಯಾವಾಗ ಅಂತ ಬರೆದಿಡಿ.

* ಮಗುವಿಗೆ ಅದರದ್ದೇ ಆದ ಒಂದು ಡಬ್ಬಿ ಕೊಡಿ. ಕೇಳದೆ ಯಾರೂ ಅದನ್ನು ಮುಟ್ಟಬಾರದು, ನೀವೂ ಕೂಡ.

* ದತ್ತು, ಗಂಡ ಹೆಂಡತಿ ಬೇರೆಯಾದದ್ದು, ಮನೆಯಲ್ಲಿ ಸಾವು, ಇವನ್ನು ವಯಸ್ಸಿಗೆ ತಕ್ಕ ಮಾತಿನಲ್ಲಿ ನೀವೇ ಹೇಳಿ. 'ಅಪ್ಪ ಫಾರಿನ್‌ಗೆ ಹೋಗಿದ್ದಾರೆ' ಎಂಬ ಸುಳ್ಳು ಇವತ್ತಿನ ಅಳು ನಿಲ್ಲಿಸಬಹುದು. ನಾಳೆ ಬೇರೆಯವರ ಬಾಯಿಂದ ನಿಜ ಗೊತ್ತಾದರೆ ಮಗು ನಿಮ್ಮ ಯಾವ ಮಾತನ್ನೂ ನಂಬಲಾರದು.

* ಮಗುವನ್ನು ಹಾಸ್ಟೆಲ್ಲಿಗೋ ಅಜ್ಜಿ ಮನೆಗೋ ಬಿಡಬೇಕೇ? ಯಾಕೆ ಅಂತ ಹೇಳಿ. ಮಲಗಿದ್ದಾಗ ಬಿಟ್ಟು ಬರಬೇಡಿ. ನೋಡಲು ಬರುವ ದಿನ ಹೇಳಿದ ಮೇಲೆ ಆ ದಿನ ತಪ್ಪಿಸಬೇಡಿ.

* ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಊಟ ಹಾಕಿಸುವುದು ಒಳ್ಳೆಯದೇ. ಆದರೆ ಒಂದು ದಿನ ಮುದ್ದು ಮಾಡಿ ಮಾಯವಾಗುವವರು ಆ ಮಕ್ಕಳಿಗೆ ಹೊಸಬರೇನಲ್ಲ. ಸಂಸ್ಥೆಯವರ ಒಪ್ಪಿಗೆ ಪಡೆದು ತಿಂಗಳಿಗೊಮ್ಮೆ ತಪ್ಪದೆ ಹೋಗಿ ಪಾಠ ಹೇಳಿಕೊಡಲು, ಕತೆ ಓದಲು ಆಗುತ್ತದೆಯೇ ನೋಡಿ. ಮಕ್ಕಳ ಹೆಸರು ನೆನಪಿಟ್ಟುಕೊಳ್ಳಿ. ಹೋದ ಸಲ ಏನು ಹೇಳಿದ್ದರು ಎಂಬುದನ್ನೂ.

* ಕೊನೆಯದಾಗಿ, ನಿಮ್ಮ ಅಮ್ಮ, ಅತ್ತೆಯವರನ್ನು ಮರೀಬೇಡಿ. ನಿಮ್ಮ ಮತ್ತು ನಿಮ್ಮವರ ಬಾಲ್ಯ ಇರುವುದು ಅವರ ನೆನಪಿನಲ್ಲೇ. ಮಧ್ಯಾಹ್ನ ಸೀರಿಯಲ್ ಮುಗಿದ ಮೇಲೆ ಪಕ್ಕದಲ್ಲಿ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಅತ್ತೆ ಸೊಸೆ ಜಗಳಕ್ಕೂ ಒಂದಷ್ಟು ಬಿಡುವು ಸಿಗಬಹುದು!