ಕಲ್ಲಚ್ಚಿನಿಂದ ವಾಟ್ಸ್‌ಆ್ಯಪ್‌ವರೆಗೆ: ಇಗರ್ಜಿಯ ಸುದ್ದಿ ಮನೆ ತಲುಪುವ ಬಗೆ

ಭಾನುವಾರದ ಬಲಿಪೂಜೆಯಲ್ಲಿ ಕೊನೆಯ ಆಶೀರ್ವಾದಕ್ಕೆ ತುಸು ಮೊದಲು ಪ್ರಕಟಣೆಗಳ ಓದು ನಡೆಯುತ್ತದೆ. ಯಾವ ವಾಳೆಯಲ್ಲಿ, ಅಂದರೆ ಧರ್ಮಕೇಂದ್ರದ ಯಾವ ವಾರ್ಡಿನಲ್ಲಿ, ಈ ವಾರ ಜಪಸರ, ಯಾರ ಮಗನಿಗೆ ಯಾವ ಊರಿನ ಹುಡುಗಿ ಗೊತ್ತಾಗಿದ್ದಾಳೆ, ಕ್ರಿಸ್ತೋಪದೇಶದ ಪರೀಕ್ಷೆ ಎಂದು, ಹಬ್ಬಕ್ಕೆ ಮುಂಚೆ ಅಂಗಳದ ಹುಲ್ಲು ಸವರಲು ಯಾರ ಸರದಿ. ಪರ್ಕಳ, ಮಣಿಪಾಲದ ಸುತ್ತಮುತ್ತ, ಅತ್ತ ಕಾಪು, ಇತ್ತ ಕಾರ್ಕಳದವರೆಗೂ ಒಂದು ಧರ್ಮಕೇಂದ್ರದ ಜನರನ್ನು ಹಿಡಿದಿಡುವುದು ಈ ಸಣ್ಣ ಸುದ್ದಿಗಳೇ. ಪೂಜೆಗೆ ಬಾರದವರಿಗೆ ವಾಳೆಯ ಮುಖಂಡರಾದ ಗುರಿಕಾರರು ಗದ್ದೆಯ ಬದು ದಾಟಿ ಹೋಗಿ ತಿಳಿಸುತ್ತಿದ್ದರು. ಈಗ ಆ ಕೆಲಸದ ದೊಡ್ಡ ಪಾಲನ್ನು ಮೊಬೈಲ್ ವಹಿಸಿಕೊಂಡಿದೆ. ಅದರ ಹಿಂದೆ ಸಂಬಳವಿಲ್ಲದೆ ದುಡಿಯುವ ಯುವಕ ಯುವತಿಯರಿದ್ದಾರೆ. ಅವರ ಕೆಲಸವನ್ನು ಒಂದು ಕಸುಬೆಂದೇ ಪರಿಚಯಿಸಬೇಕು ಅನ್ನಿಸಿದ್ದರಿಂದ ಈ ಬರಹ.

ಕಡಿಮೆ ಖರ್ಚಿನ ಉಪಕರಣ ಹಿಡಿದು ಸುದ್ದಿ ಹರಡುವುದು ಈ ಕರಾವಳಿಯ ಕ್ರೈಸ್ತರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ಆರಂಭಿಸಿದಾಗ ಅವರ ಕೈಲಿದ್ದದ್ದು ಕಲ್ಲಚ್ಚು. ಕನ್ನಡಕ್ಕೆ ಅಚ್ಚಿನ ಮೊಳೆ ಕೊರೆಯುವುದೆಂದರೆ ಒತ್ತಕ್ಷರ, ಗುಣಿತಾಕ್ಷರ ಸೇರಿ ನೂರಾರು ತುಣುಕುಗಳ ಕೆಲಸ. ಹಣವೂ ಬೇಕು, ಕಾಲವೂ ಬೇಕು. ಕಲ್ಲಚ್ಚಿಗೆ ಆ ತೊಡಕಿಲ್ಲ. ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ನಯಗೊಳಿಸಿದ ಕಲ್ಲಿಗೆ ಇಳಿಸಿ, ಕಲ್ಲನ್ನು ತೇವ ಮಾಡಿ ಶಾಯಿ ಉರುಳಿಸಿದರೆ ಬರೆದ ಜಾಗಕ್ಕಷ್ಟೇ ಶಾಯಿ ಹಿಡಿಯುತ್ತದೆ. ಕೈಬರಹ ಚೆಂದವಿರುವ ಒಬ್ಬ ಬರೆಗಾರ ಸಿಕ್ಕರೆ ಪತ್ರಿಕೆ ತಯಾರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಹುಟ್ಟಿದ್ದು ಹೀಗೆ. ಕನ್ನಡದ ಆ ಮೊದಲ ಪತ್ರಿಕೆಯಲ್ಲಿ ಊರ ಸುದ್ದಿ, ಸರಕಾರದ ನಿರೂಪ, ಕಥೆ, ಹಾಡು ಎಲ್ಲಕ್ಕೂ ಜಾಗವಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ನನಗೆ ಮುಖ್ಯವಾಗಿ ಕಾಣುವುದು ಮೋಗ್ಲಿಂಗರ ಆಯ್ಕೆ. ಒಳ್ಳೆಯ ಯಂತ್ರ ಬರಲಿ ಎಂದು ಅವರು ಕಾಯುತ್ತ ಕೂರಲಿಲ್ಲ, ಜನ ಓದುವ ಭಾಷೆಯನ್ನೂ ಬಿಡಲಿಲ್ಲ.

ಆಮೇಲೆ ಬಂದವರದೂ ಅದೇ ದಾರಿ. 1882ರಲ್ಲಿ ಕೊಡಿಯಾಲ್‌ಬೈಲ್ ಪ್ರೆಸ್, 1938ರಲ್ಲಿ ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’, 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾದ ಮೇಲೆ ಇಲ್ಲಿಯದೇ ಆದ ಪತ್ರಿಕೆ ‘ಉಜ್ವಾಡ್’. ಕಾರ್ಕಳ ಕಡೆಯ ನಂದಳಿಕೆಯ ವಾಲ್ಟರ್ ಅವರು 2001ರಲ್ಲಿ ಆರಂಭಿಸಿದ ದಾಯ್ಜಿವರ್ಲ್ಡ್ ಜಾಲತಾಣ ಕರಾವಳಿಯ ಸುದ್ದಿಯನ್ನು ಕೊಲ್ಲಿ ದೇಶಗಳ ಕಂಪ್ಯೂಟರುಗಳಿಗೆ ಮುಟ್ಟಿಸಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಮನೆಗಳಲ್ಲೂ ವಿಡಿಯೊ ನೋಡುವುದು ಮಾಮೂಲಾಯಿತು.

ಎಲ್ಲರನ್ನೂ ಒಟ್ಟಿಗೆ ಈ ದಾರಿಗೆ ನೂಕಿದ್ದು 2020. ಮಾರ್ಚ್ 25ರಿಂದ ಲಾಕ್‌ಡೌನ್. ಗರಿಗಳ ಭಾನುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಈಸ್ಟರ್ ಎಲ್ಲವೂ ಮುಚ್ಚಿದ ಬಾಗಿಲಿನೊಳಗೆ ನಡೆದವು. ಧರ್ಮಗುರುಗಳು ಖಾಲಿ ಬೆಂಚುಗಳ ಮುಂದೆ ಪೂಜೆ ಅರ್ಪಿಸಿದರು, ಜನ ಮನೆಯ ಅಲ್ತಾರಿನ ಪಕ್ಕ ಮೊಬೈಲ್ ಇಟ್ಟುಕೊಂಡು ಮೊಣಕಾಲೂರಿದರು. ಅಂದು ಅನಿವಾರ್ಯವೆಂದು ಕಲಿತದ್ದು ಇಂದು ಅಭ್ಯಾಸವಾಗಿದೆ. ಜನವರಿಯ ಅತ್ತೂರು ಸಂತ ಲಾರೆನ್ಸ್ ಬಸಿಲಿಕದ ಹಬ್ಬ ಇರಲಿ, ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನದ ಹಬ್ಬವಾದ ಮೊಂತಿ ಫೆಸ್ತ್ ಇರಲಿ, ನೇರಪ್ರಸಾರದ ಲಿಂಕ್ ಎಲ್ಲಿ ಎಂದು ಕೇಳುವವರು ಇದ್ದೇ ಇರುತ್ತಾರೆ.

ನೇರಪ್ರಸಾರಕ್ಕೆ ದುಬಾರಿ ಕ್ಯಾಮೆರಾ ಬೇಕೆಂಬುದು ತಪ್ಪು ಕಲ್ಪನೆ. ಕೈಲಿರುವ ಮೊಬೈಲ್, ಅಲುಗದ ಟ್ರೈಪಾಡ್, ಮೇಲಕ್ಕೆ ಕಳಿಸುವ ವೇಗ ಐದು ಎಂಬಿಪಿಎಸ್‌ನಷ್ಟಾದರೂ ಇರುವ ಸಂಪರ್ಕ, ಇಷ್ಟಿದ್ದರೆ ಸಾಕು. ಎರಡನೇ ಕ್ಯಾಮೆರಾ ಸೇರಿಸಿ, ಕೀರ್ತನೆಯ ಸಾಲುಗಳನ್ನು ಪರದೆಯ ಮೇಲೆ ತೋರಿಸಬೇಕೆಂದರೆ ಕಂಪ್ಯೂಟರಿಗೆ ಒಬಿಎಸ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಧ್ವನಿಯಲ್ಲಿ. ನಮ್ಮ ಇಗರ್ಜಿಗಳ ಎತ್ತರದ ಮಾಡು, ಗಾರೆ ಗೋಡೆಗಳು ಮಾತನ್ನು ಮಾರ್ದನಿಗೊಳಿಸುತ್ತವೆ. ಹಿಂದಿನ ಸಾಲಿನಲ್ಲಿಟ್ಟ ಮೊಬೈಲಿನ ಮೈಕ್‌ಗೆ ಕೇಳಿಸುವುದು ಪ್ರಸಂಗವಲ್ಲ, ಅದರ ಪ್ರತಿಧ್ವನಿ. ಮಿಕ್ಸರಿನಿಂದ ಒಂದು ವಯರ್ ಎಳೆದು, ಕೆಲವು ನೂರು ರೂಪಾಯಿಯ ಅಡಾಪ್ಟರ್ ಮೂಲಕ ಮೊಬೈಲಿಗೆ ಕೊಟ್ಟರೆ ಪ್ರತಿ ಶಬ್ದವೂ ಸ್ಪಷ್ಟ. ಪ್ರಸಾರದ ನಡುವೆ ಕರೆ ಬಂದು ಚಿತ್ರ ನಿಲ್ಲದಂತೆ ಮೊಬೈಲನ್ನು ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು ವೈಫೈ ಮಾತ್ರ ಹಾಕಿಕೊಳ್ಳುವುದು ಮತ್ತೊಂದು ಉಪಾಯ. ಆಷಾಢದ ಮಳೆಯಲ್ಲಿ ಕರೆಂಟ್ ಹೋದರೆ ರೂಟರ್ ಕೂಡ ಆರುತ್ತದೆ. ಇನ್ವರ್ಟರಿನ ಲೈನ್ ಅದಕ್ಕೂ ಇರಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಈ ಕಸುಬಿನ ನಿಜವಾದ ಬೆಲೆ ತಿಳಿಯುವುದು ಸಾವಿನ ಮನೆಯಲ್ಲಿ. ಕುವೈತ್, ದುಬೈ, ಮಸ್ಕತ್‌ಗಳಲ್ಲಿ ಮಕ್ಕಳಿಲ್ಲದ ಕ್ರೈಸ್ತ ಮನೆ ಈ ಭಾಗದಲ್ಲಿ ವಿರಳ. ತಾಯಿ ತೀರಿಕೊಂಡ ಸುದ್ದಿ ಕೇಳಿಯೂ ರಜೆ ಸಿಗದೆ, ಟಿಕೆಟ್ ಸಿಗದೆ ಅಲ್ಲೇ ಉಳಿದ ಮಗನಿಗೆ ಮನೆಯಿಂದ ಹೊರಟ ಶವಯಾತ್ರೆ, ಇಗರ್ಜಿಯ ಪೂಜೆ, ಮಣ್ಣು ಹಾಕುವ ಗಳಿಗೆ ಇವೆಲ್ಲ ಆ ಪುಟ್ಟ ಪರದೆಯಲ್ಲೇ. ಅಲ್ಲಿ ಕ್ಯಾಮೆರಾ ಹಿಡಿದವರಿಗೆ ಎಷ್ಟು ಹತ್ತಿರ ಹೋಗಬೇಕು, ಯಾರ ಅಳುವಿನಿಂದ ಕ್ಯಾಮೆರಾ ತಿರುಗಿಸಬೇಕು ಎಂಬುದು ಗೊತ್ತಿರಬೇಕು. ಈ ವಿವೇಕವನ್ನು ಯಾವ ಆ್ಯಪ್ ಕೂಡ ಕಲಿಸುವುದಿಲ್ಲ. ಅದನ್ನು ಹಿರಿಯರೇ ಹೇಳಿಕೊಡಬೇಕು.

ಬರಹದ ಕಷ್ಟ ಬೇರೆಯೇ. ಧರ್ಮಕೇಂದ್ರದ ಪತ್ರಿಕೆಗಳನ್ನು ಪ್ರೆಸ್ಸಿಗಾಗಿ ಹಳೆಯ ಬರಹ, ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಟೈಪ್ ಮಾಡಿದವರು ಬಹಳ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಿಕೊಂಡಿರುತ್ತವೆ. ಕಾಗದದ ಮೇಲೆ ಚೆಂದ. ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಕೊನೆಗೆ ಪುಟದ ಫೋಟೊ ತೆಗೆದು ಹಾಕುತ್ತಾರೆ. ಅದನ್ನು ಹುಡುಕಲಾಗದು, ಕಣ್ಣು ಮಂಜಾದವರು ಮೊಬೈಲಿನಿಂದ ಓದಿಸಿಕೊಳ್ಳಲೂ ಆಗದು. ಮೊದಲಿಗೇ ಯೂನಿಕೋಡ್‌ನಲ್ಲಿ ಬರೆದರೆ ಅದೇ ಬರಹ ಪ್ರೆಸ್ಸಿಗೂ ಬರುತ್ತದೆ, ಮೊಬೈಲಿಗೂ ಬರುತ್ತದೆ. ಒತ್ತಕ್ಷರ ಮೋಗ್ಲಿಂಗರನ್ನು ಕಲ್ಲಚ್ಚಿನತ್ತ ನಡೆಸಿತು, ನಮ್ಮನ್ನು ಯೂನಿಕೋಡ್‌ನತ್ತ ನಡೆಸಬೇಕು. ಭಾಷೆಯ ವಿಚಾರದಲ್ಲೂ ಅವರ ಕಾಲದವರು ನಮಗಿಂತ ಉದಾರಿಗಳು: 1847ರ ಹೊತ್ತಿಗೇ ತುಳುವಿನಲ್ಲಿ ಹೊಸ ಒಡಂಬಡಿಕೆ ಬಂದಿತ್ತು. ಇಂದು ಮಣಿಪಾಲಕ್ಕೆ ಓದಲು ಬರುವ ಹೊರರಾಜ್ಯದ ಮಕ್ಕಳು ಪರ್ಕಳದ ಕಡೆಯೂ ಬಾಡಿಗೆಗೆ ಇರುತ್ತಾರೆ. ಕೊಂಕಣಿ ಸೂಚನೆಯ ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡೆರಡು ಸಾಲು ಸೇರಿಸಿದರೆ ಆ ಮಕ್ಕಳಿಗೂ ತಾವು ಇಲ್ಲಿನವರೆನಿಸುತ್ತದೆ.

ವಾಟ್ಸ್‌ಆ್ಯಪ್ ಗುಂಪು ಶುರು ಮಾಡುವುದು ಸುಲಭ, ಹದದಲ್ಲಿಡುವುದು ಕಷ್ಟ. ಶುಭೋದಯದ ಹೂವು, ಮೂಲ ಗೊತ್ತಿಲ್ಲದ ಫಾರ್ವರ್ಡ್, ರಾಜಕೀಯದ ಜಗಳ ಇವುಗಳ ನಡುವೆ ರಕ್ತ ಬೇಕೆಂಬ ತುರ್ತು ಸಂದೇಶ ಕಳೆದುಹೋಗುತ್ತದೆ. ಅಡ್ಮಿನ್‌ಗಳಷ್ಟೇ ಬರೆಯುವ ವ್ಯವಸ್ಥೆ 2018ರಿಂದಲೂ ಇದೆ. ಪ್ರಕಟಣೆಗೆ ಅಂಥದೊಂದು ಗುಂಪು, ಮಾತುಕತೆಗೆ ವಾಳೆಗೊಂದು ಗುಂಪು ಎಂದು ಬೇರೆ ಮಾಡಿದರೆ ಗದ್ದಲ ತಗ್ಗುತ್ತದೆ. ಅಡ್ಮಿನ್ ಒಬ್ಬರೇ ಇರಬಾರದು. ಯೂಟ್ಯೂಬ್, ಫೇಸ್‌ಬುಕ್ ಖಾತೆಗಳು ಧರ್ಮಕೇಂದ್ರದ ಇಮೇಲ್ ವಿಳಾಸದಲ್ಲಿರಬೇಕು. ಖಾತೆ ತೆರೆದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ. ಕಾಣಿಕೆಯ ಕ್ಯೂಆರ್ ಕೋಡ್ ಇಗರ್ಜಿಯ ಬ್ಯಾಂಕ್ ಖಾತೆಯದೇ ಆಗಿರಲಿ, ಗುರುಗಳ ಹೆಸರಿನಲ್ಲಿ ಹಣ ಕೇಳುವ ಸಂದೇಶ ಬಂದರೆ ಮೊದಲು ಫೋನ್ ಮಾಡಿ ಕೇಳಿ ಎಂದು ಪ್ರಕಟಣೆಯಲ್ಲೇ ಹೇಳಲಿ. ಪ್ರಥಮ ಪರಮಪ್ರಸಾದದ ಬಿಳಿ ಉಡುಪಿನ ಮಕ್ಕಳ ಫೋಟೊ ಎಲ್ಲರಿಗೂ ಇಷ್ಟ. ಆದರೂ ಹೆಸರು, ಶಾಲೆ ಸಹಿತ ಜಗತ್ತಿಗೆಲ್ಲ ತೋರಿಸುವ ಮುನ್ನ ತಂದೆ ತಾಯಿಯ ಒಪ್ಪಿಗೆ ಪಡೆಯಬೇಕು. ಮಕ್ಕಳ ಮಾಹಿತಿಗೆ ಪೋಷಕರ ಸಮ್ಮತಿ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಮೊಬೈಲ್ ಬಳಸದ ಹಿರಿಯರು ಇನ್ನೂ ಇದ್ದಾರೆ, ಒಂಟಿಯಾಗಿ ಇರುವವರೇ ಹೆಚ್ಚು. ವಾಳೆಯ ಗುಂಪಿನಲ್ಲಿ ಯಾರ್ಯಾರಿಲ್ಲ ಎಂಬ ಪಟ್ಟಿ ಗುರಿಕಾರರ ಬಳಿ ಇದ್ದರೆ ಆ ಮನೆಗಳಿಗೆ ಮಾತ್ರ ನಡೆದು ಹೋದರಾಯಿತು. ಉಳಿದ ಮನೆಗಳನ್ನು ಮೊಬೈಲ್ ನೋಡಿಕೊಳ್ಳುವುದರಿಂದ ಅಲ್ಲಿ ಕುಳಿತು ಮಾತಾಡಲು ಅವರಿಗೆ ಹೊತ್ತೂ ಉಳಿಯುತ್ತದೆ.

ಇನ್ನೊಂದು ಕೆಲಸವನ್ನು ಯಾರೂ ಶುರು ಮಾಡಿದಂತೆ ಕಾಣುವುದಿಲ್ಲ. ಬಾಸೆಲ್ ಮಿಷನ್ ಕಾಲದ ಪುಸ್ತಕ, ಕಾಗದಪತ್ರಗಳನ್ನು ಮಂಗಳೂರಿನ ಬಲ್ಮಠದ ಕರ್ನಾಟಕ ತಿಯಲಾಜಿಕಲ್ ಕಾಲೇಜು ಜೋಪಾನ ಮಾಡಿದೆ. ಆ ಕಾಲದ ಸಭೆಗಳ ಬದುಕು ನಮಗೆ ತಿಳಿಯುವುದು ಅವುಗಳಿಂದ. ಇಂದಿನ ಪ್ರಕಟಣೆ, ಫೋಟೊ, ವಿಡಿಯೊಗಳು ಇರುವುದು ಯಾರದೋ ಮೊಬೈಲಿನಲ್ಲಿ. ಜಾಗ ಸಾಲದೆಂದು ಅಳಿಸಿದರೆ ಹೋಯಿತು. ತಿಂಗಳಿಗೊಮ್ಮೆ ಇವನ್ನೆಲ್ಲ ದಿನಾಂಕ, ಊರು, ಸಂದರ್ಭ ಬರೆದು ಹಾರ್ಡ್‌ಡಿಸ್ಕಿಗೆ ಇಳಿಸಿ, ಒಂದನ್ನು ಧರ್ಮಕೇಂದ್ರದ ಕಚೇರಿಯಲ್ಲಿ, ಪ್ರತಿಯನ್ನು ಬೇರೆಡೆ ಇಡಬೇಕು. ಮೊದಲಿಗೆ 2020ರ ವಿಡಿಯೊಗಳನ್ನೇ ಹುಡುಕಿ ತೆಗೆಯಲಿ.