ಸುಸ್ತೋ, ಖಿನ್ನತೆಯೋ?

ಪ್ರಶ್ನೆ: ಡಯಾಲಿಸಿಸ್ ಶುರುವಾದ ಮೇಲೆ ನಮ್ಮ ಯಜಮಾನರಿಗೆ ಊಟ ಸೇರುವುದಿಲ್ಲ, ನಿದ್ದೆಯಿಲ್ಲ, ಮಾತೂ ಕಡಿಮೆ. ಇದು ಕಿಡ್ನಿಯದ್ದೋ, ಮನಸ್ಸಿನದ್ದೋ?

ಉತ್ತರ: ಎರಡೂ ಇರಬಹುದು, ಗೋಜಲು ಇರುವುದೇ ಅಲ್ಲಿ. ರಕ್ತದಲ್ಲಿ ಕಲ್ಮಶ ಉಳಿದರೂ, ಹಿಮೋಗ್ಲೋಬಿನ್ ಇಳಿದರೂ ಸುಸ್ತು, ಅರುಚಿ ಬರುತ್ತವೆ, ಖಿನ್ನತೆಯಲ್ಲೂ ಅವೇ. ಹಾಗಾಗಿ ‘ಈ ಕಾಯಿಲೆಯೇ ಹಾಗೆ’ ಎಂದು ಮನೆಯವರು, ಕೆಲವೊಮ್ಮೆ ವೈದ್ಯರೂ ಬಿಟ್ಟುಬಿಡುತ್ತಾರೆ. ಡಯಾಲಿಸಿಸ್‌ನಲ್ಲಿರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆಂಬುದು ಸಂಶೋಧಕರ ಅಂದಾಜು. ಇರದೆ ಏನು ಮಾಡೀತು? ಸಾಮಾನ್ಯವಾಗಿ ವಾರಕ್ಕೆ 3 ಸಲ, ಸುಮಾರು 4 ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗಬೇಕು. ಬಿರುಬೇಸಿಗೆಯಲ್ಲೂ ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು, ಮನೆಮಂದಿ ಉಪ್ಪಿನಕಾಯಿ ಬಡಿಸಿಕೊಳ್ಳುವಾಗ ಸುಮ್ಮನೆ ನೋಡಬೇಕು. ಖರ್ಚಿನ ಅಳುಕು ಬೇರೆ.

ಸುಸ್ತಿಗಿಂತ ನಿರಾಸಕ್ತಿಯನ್ನು ಗಮನಿಸಿ. ಮೊಮ್ಮಕ್ಕಳು ಬಂದರೂ, ಟಿವಿಯಲ್ಲಿ ಕ್ರಿಕೆಟ್ ಇದ್ದರೂ ಎರಡು ವಾರ ಮುಖ ಅರಳದಿದ್ದರೆ ಕಿಡ್ನಿ ವೈದ್ಯರಿಗೇ ಹೇಳಿ. ಅಮೆರಿಕದಲ್ಲಿ ಡಯಾಲಿಸಿಸ್ ನಡೆಯುವಾಗಲೇ ಪಕ್ಕದಲ್ಲಿ ಕೂತು ಮಾತಿನ ಚಿಕಿತ್ಸೆ ಕೊಟ್ಟು ನೋಡಿದ್ದಾರೆ. ಮಾತ್ರೆಗಳೂ ಇವೆ, ಆದರೆ ಪ್ರಮಾಣವನ್ನು ಕಿಡ್ನಿಯ ಸ್ಥಿತಿ ಬಲ್ಲವರೇ ನಿರ್ಧರಿಸಬೇಕು. ‘ಇನ್ನು ಡಯಾಲಿಸಿಸ್ ಬೇಡ, ಬದುಕಿ ಏನು’ ಎಂದರೆ ಅವತ್ತೇ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಹಗಲೂ ರಾತ್ರಿ ಮಾತಾಡುತ್ತಾರೆ.